ನದಿಯ ಸವಳು, ನೀರಿನ ಹಕ್ಕು: ತುಂಗಭದ್ರಾ ವಿವಾದ ಮತ್ತು ಹಾವೇರಿ ಸೀಮೆ

ಉತ್ತರ ಕರ್ನಾಟಕದ ಗ್ರಾಮೀಣರು ನೀರನ್ನು ಸಿಹಿನೀರು, ಸವಳುನೀರು ಎಂದು ವಿಂಗಡಿಸುತ್ತಾರೆ. ಬೇಳೆ ಬೇಯುತ್ತದೆಯೇ, ದನ ಕುಡಿಯುತ್ತದೆಯೇ, ಪೈರು ಏಳುತ್ತದೆಯೇ ಎಂಬುದೇ ಅವರ ಅಳತೆ. ಕೈಗಾರಿಕೆಯ ಅಳತೆ ಇದಕ್ಕಿಂತ ಭಿನ್ನವಾದುದು. ಇವೆರಡರ ಸಂಘರ್ಷಕ್ಕೆ ತುಂಗಭದ್ರಾ ವಿವಾದ ಉತ್ತಮ ನಿದರ್ಶನವಾಗಿದೆ.

ಹಾನಗಲ್ಲ, ಸವಣೂರು ತಾಲ್ಲೂಕುಗಳ ಮೂಲಕ ಹರಿಯುವ ವರದೆಯೂ ಹಿರೇಕೆರೂರು ಭಾಗದ ಕುಮುದ್ವತಿಯೂ ತುಂಗಭದ್ರೆಯನ್ನೇ ಸೇರುತ್ತವೆ. ಬ್ರಿಟಿಷರ ಕಾಲದಲ್ಲಿ ಹಾನಗಲ್ಲ, ಶಿಗ್ಗಾಂವಿ ಕೇಂದ್ರವಾಗಿದ್ದ ಬಂಕಾಪುರ ಹಾಗೂ ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲ್ಲೂಕುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರು ಪ್ರತ್ಯೇಕ ಸಂಸ್ಥಾನವಾಗಿತ್ತು. 1882ರ ಅನುಭೋಗ ಹಕ್ಕುಗಳ ಕಾಯ್ದೆ 1891ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಸ್ತರಿಸಿತು. ತನ್ನ ಭೂಮಿಯ ಮೂಲಕ ಸಹಜವಾಗಿ ಹಾದುಹೋಗುವ ನೀರನ್ನು ಇತರರು ಅನುಚಿತವಾಗಿ ಕೆಡಿಸಬಾರದೆಂಬ ಹಕ್ಕನ್ನು ಅದು ಭೂಮಾಲೀಕನಿಗೆ ಮಾನ್ಯಮಾಡಿತ್ತು.

1972ರಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ಕಟ್ಟಿಗೆಯನ್ನು ಕಾಸ್ಟಿಕ್ ಸೋಡಾ ಮುಂತಾದ ರಾಸಾಯನಿಕಗಳಲ್ಲಿ ಬೇಯಿಸಿ ರೇಯಾನ್ ತಿರುಳನ್ನು ತೆಗೆಯುವ ಉದ್ಯಮವಿದು. ಇಂಥ ಉದ್ಯಮದ ತ್ಯಾಜ್ಯದಲ್ಲಿ ಸೋಡಿಯಂ ಲವಣಗಳು ಕರಗಿರುತ್ತವೆ. ಜೈವಿಕ ಸಂಸ್ಕರಣೆ ಸಾವಯವ ಕಲ್ಮಷವನ್ನು ತಗ್ಗಿಸುತ್ತದೆ. ಕರಗಿದ ಲವಣವನ್ನು ತೆಗೆಯುವುದಿಲ್ಲ. ಆದುದರಿಂದ ಲವಣದ ಭಾರವನ್ನು ನದಿಯ ಹರಿವೇ ಹೊರಬೇಕಾಗುತ್ತದೆ. ಬೇಸಿಗೆಯಲ್ಲಿ ಆ ಹರಿವು ಕುಗ್ಗುತ್ತದೆ. 1984ರಲ್ಲಿ ನದಿಯಲ್ಲಿ ಮೀನುಗಳು ಅಪಾರವಾಗಿ ಸತ್ತಾಗ ದಂಡೆಯ ಹಳ್ಳಿಗರೂ ಮೀನುಗಾರರೂ ಕಾರ್ಖಾನೆಯ ವಿರುದ್ಧ ದೂರಿದರು. ಸಮಾಜ ಪರಿವರ್ತನ ಸಮುದಾಯವು ಈ ಹೋರಾಟವನ್ನು ಸಂಘಟಿಸಿತು.

ತಂತ್ರಜ್ಞಾನಕ್ಕೆ ಸಾಧ್ಯವಾಗುವ, ವೆಚ್ಚ ಭರಿಸಬಹುದಾದ ಮಿತಿಯೇ ನ್ಯಾಯವಾದುದೆಂಬುದು ಉದ್ಯಮ ವಲಯದ ಸಾಮಾನ್ಯ ನಿಲುವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕನಿಷ್ಠ ರಾಷ್ಟ್ರೀಯ ಮಾನಕಗಳೂ ತಾಂತ್ರಿಕ, ಆರ್ಥಿಕ ಸಾಧ್ಯತೆಯನ್ನೇ ಆಧರಿಸಿವೆ. ಇವುಗಳ ಅಳತೆ ಕಾರ್ಖಾನೆಯ ಹೊರಕೊಳವೆಯಲ್ಲಿ ನಡೆಯುತ್ತದೆ. ಅದೇ ಮಂಡಳಿ ನದಿನೀರನ್ನು ಬಳಕೆಗೆ ಅನುಗುಣವಾಗಿಯೂ ವರ್ಗೀಕರಿಸಿದೆ. ನೀರಾವರಿಗೆ ಯೋಗ್ಯವಾದ ‘ಇ’ ವರ್ಗದ ನೀರಿನ ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ 2250 ಮೈಕ್ರೋಮೋ ಮೀರಬಾರದು. ಮೊದಲನೆಯದು ಉತ್ಪಾದಕನ ಸಾಮರ್ಥ್ಯವನ್ನು ಅಳೆದರೆ, ಎರಡನೆಯದು ರೈತನ ಅಗತ್ಯವನ್ನು ಅಳೆಯುತ್ತದೆ. ಹಳ್ಳಿಗರ ಸಿಹಿ–ಸವಳು ವಿಂಗಡಣೆ ಎರಡನೆಯದಕ್ಕೆ ಹತ್ತಿರವಾದುದು.

ವಿವಾದ ನದಿಗೆ ಸೀಮಿತವಾಗಿ ಉಳಿಯಲಿಲ್ಲ. ಕಾರ್ಖಾನೆಗೆ ನೀಲಗಿರಿ ಕಟ್ಟಿಗೆ ಒದಗಿಸಲು 1984ರಲ್ಲಿ ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಸಂಸ್ಥೆ ಸ್ಥಾಪನೆಗೊಂಡಿತು. ಸುಮಾರು 30,000 ಹೆಕ್ಟೇರ್ ಸಮುದಾಯ ಭೂಮಿಯನ್ನು ಅದಕ್ಕೆ ವಹಿಸುವ ಯೋಜನೆಯಿತ್ತು. ಯೋಜನೆಯ ದೃಷ್ಟಿಯಲ್ಲಿ ಅದು ಬಂಜರು; ಹಳ್ಳಿಗರಿಗೆ ಮೇವು, ಉರುವಲುಗಳ ಆಸರೆ. ಶಿವರಾಮ ಕಾರಂತರೂ ಇತರರೂ ಸಲ್ಲಿಸಿದ ಅರ್ಜಿಯ ಮೇರೆಗೆ 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಸಸಿಗಳನ್ನು ನೆಟ್ಟರು. 1991ರಲ್ಲಿ ಸಂಸ್ಥೆಯನ್ನು ಮುಚ್ಚಲಾಯಿತು.

ಕುಸನೂರಿನ ನೆಲದ ಪ್ರಶ್ನೆಗೆ ಹೀಗೆ ಒಂದು ಉತ್ತರ ದೊರೆಯಿತು. ನದಿಯಲ್ಲಿ ಕರಗಿದ ಲವಣಕ್ಕೆ ಕಿತ್ತೊಗೆಯುವ ಮಾರ್ಗವಿಲ್ಲ. ಅದನ್ನು ಹುಟ್ಟುವಲ್ಲಿಯೇ ತಡೆಯಬೇಕು. ಆದ್ದರಿಂದ ಮಿತಿಯನ್ನು ನಿಗದಿಪಡಿಸುವಾಗ ಕೊಳವೆಯ ಅಂಕಿಯ ಜೊತೆಗೆ ಕೆಳದಂಡೆಯ ಬೇಸಿಗೆಯ ನೀರನ್ನೂ, ಅದನ್ನು ಬಳಸುವವರ ಅನುಭವವನ್ನೂ ಪ್ರಮಾಣವಾಗಿ ಪರಿಗಣಿಸುವುದು ಅವಶ್ಯವಾಗಿದೆ.