ಅಚ್ಚಿನ ಕಳ್ಳರು

ಸಿನಿಮಾದಲ್ಲಿ ಕಂಡ ಶಿರಸ್ತ್ರಾಣ, ಕತ್ತಿ, ಮುಖವಾಡಗಳನ್ನು ಮನೆಯಲ್ಲೇ ಕೈಯಾರೆ ಮಾಡಿ ಮಾರುವವರ ಒಂದು ಸಣ್ಣ ಲೋಕ ನಮ್ಮ ನಗರಗಳಲ್ಲಿದೆ. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕಾಮಿಕ್ ಕಾನ್‌ಗೆ ಹೋದವರು ಇವರ ಮೇಜುಗಳ ಮುಂದೆ ನಿಂತೇ ಇರುತ್ತೀರಿ. ಈ ಲೋಕದಲ್ಲಿ ಎಲ್ಲಕ್ಕಿಂತ ಕೆಟ್ಟ ಬೈಗುಳ ‘ರೀಕ್ಯಾಸ್ಟರ್’. ಅಂದರೆ, ಇನ್ನೊಬ್ಬ ತಿಂಗಳುಗಟ್ಟಲೆ ಕೂತು ಮಾಡಿದ ವಸ್ತುವನ್ನು ಒಂದೇ ಒಂದು ಕೊಂಡು, ಅದರ ಮೇಲೆ ಸಿಲಿಕೋನ್ ರಬ್ಬರ್ ಹೊಯ್ದು ಅಚ್ಚು ತೆಗೆದು, ಆ ಅಚ್ಚಿನಲ್ಲಿ ರೆಸಿನ್ ಎರಕ ಹೊಯ್ದು, ‘ನಾನೇ ಮಾಡಿದ್ದು’ ಎಂದು ಅರ್ಧ ಬೆಲೆಗೆ ಮಾರುವವನು.

ಪುಣೆಯಲ್ಲಿರುವ ನನ್ನ ಗೆಳೆಯನೊಬ್ಬನಿಗೆ ಹೀಗಾಯಿತು. ಹಗಲು ಸಾಫ್ಟ್‌ವೇರ್ ಕೆಲಸ, ರಾತ್ರಿ ಜೇಡಿಮಣ್ಣಿನ ಕೆಲಸ. ಒಂದು ಶಿರಸ್ತ್ರಾಣಕ್ಕೆ ಐದು ತಿಂಗಳು ಹಿಡಿದಿತ್ತು. ಅದು ಮಾರಾಟಕ್ಕೆ ಬಂದ ಕೆಲವೇ ವಾರಗಳಲ್ಲಿ ಬೇರೊಬ್ಬ ಅದನ್ನೇ ಮಾರತೊಡಗಿದ. ಎಡಗಿವಿಯ ಬಳಿ ಇವನ ಕೈತಪ್ಪಿನಿಂದಾದ ಒಂದು ಗೀರು ಆ ನಕಲಿನಲ್ಲೂ ಹಾಗೇ ಇತ್ತು. ವಕೀಲರೊಬ್ಬರನ್ನು ಕಂಡಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಮೂಲ ವಸ್ತು ನಿಮ್ಮದೇನ್ರೀ?” ಅದಕ್ಕೆ ಇವನ ಬಳಿ ಉತ್ತರವಿರಲಿಲ್ಲ. ಉತ್ತರ ಎಲ್ಲಾದರೂ ಇದೆಯೇ ಎಂದು ಹುಡುಕುತ್ತಾ ಹೋದ ನನಗೆ, ಈ ಜಗಳ ಇನ್ನೂರು ವರ್ಷಕ್ಕೂ ಹಳೆಯದೆಂದು ತಿಳಿಯಿತು.

ಅದು ಶುರುವಾಗಿದ್ದು ಎತ್ತುಗಳಿಂದ. ಹದಿನೆಂಟನೇ ಶತಮಾನದ ಕೊನೆಯ ಲಂಡನ್ನಿನಲ್ಲಿ ಜಾರ್ಜ್ ಗ್ಯಾರಾರ್ಡ್ (1760–1826) ಎಂಬ ಕಲಾವಿದನಿದ್ದ. ಇಂಗ್ಲೆಂಡಿನ ಬೇರೆ ಬೇರೆ ತಳಿಯ ದನಗಳನ್ನು ಅಳತೆಗೆ ತಕ್ಕಂತೆ ಕುಗ್ಗಿಸಿ ಮಾದರಿಗಳನ್ನು ಮಾಡುವುದು ಅವನ ಕೆಲಸ. ತಳಿ ಸುಧಾರಣೆಯ ಹುಚ್ಚು ಹತ್ತಿದ್ದ ಕಾಲ ಅದು. ಜಮೀನುದಾರರು ಇಂಥ ಮಾದರಿಗಳನ್ನು ಕೊಳ್ಳುತ್ತಿದ್ದರು. ಮಾದರಿ ಮಾಡಲು ದನದ ಮುಂದೆ ನಿಂತು ಅಳೆಯಬೇಕು, ಮಣ್ಣಿನಲ್ಲಿ ತಿದ್ದಬೇಕು, ಆಮೇಲೆ ಅಚ್ಚು. ಕದಿಯುವವನಿಗೆ ಇದಾವುದೂ ಬೇಡ. ಅಂಗಡಿಯಿಂದ ಒಂದನ್ನು ಕೊಂಡು ತಂದು ಅದರ ಮೇಲೇ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದರಾಯಿತು. ಪುಸ್ತಕಕ್ಕೆ 1710ರಿಂದ, ಮುದ್ರಿತ ಚಿತ್ರಕ್ಕೆ 1735ರಿಂದ ಅಲ್ಲಿ ಕಾನೂನಿನ ರಕ್ಷಣೆ ಇತ್ತು. ಎರಕದ ವಸ್ತುವಿಗೆ ಏನೂ ಇರಲಿಲ್ಲ. ಗ್ಯಾರಾರ್ಡ್ ಸಂಸತ್ತಿನ ಬಾಗಿಲು ತಟ್ಟಿದ. 1798ರಲ್ಲಿ ಮಾದರಿ ಮತ್ತು ಎರಕಗಳಿಗೆ 14 ವರ್ಷದ ಹಕ್ಕು ಕೊಡುವ ಕಾನೂನು ಬಂತು. ಮನುಷ್ಯರ ಪ್ರತಿಮೆಗಳ ಜೊತೆ ಪ್ರಾಣಿಗಳ ಪ್ರತಿಮೆಗಳೂ ಅದರೊಳಗೆ ಸೇರಿದ್ದವು.

ಆದರೆ ಆ ಕಾನೂನನ್ನು ಬರೆದ ರೀತಿ ವಿಚಿತ್ರವಾಗಿತ್ತು. 1811ರಲ್ಲಿ ಶಿಲ್ಪಿ ಗ್ಯಾಹಗನ್, ತನ್ನ ಪ್ರತಿಮೆಯ ಕದ್ದ ಎರಕಗಳನ್ನು ಮಾರುತ್ತಿದ್ದ ಕೂಪರ್ ಎಂಬುವನ ಮೇಲೆ ದಾವೆ ಹೂಡಿದ. ನ್ಯಾಯಮೂರ್ತಿ ಲಾರ್ಡ್ ಎಲೆನ್‌ಬರೋ ಕಾನೂನಿನ ಸಾಲುಗಳನ್ನು ಓದಿ ನೋಡಿದರು. ಮೂಲಕ್ಕೆ ಏನನ್ನಾದರೂ ಸೇರಿಸಿಯೋ ತೆಗೆದೋ ಮಾಡಿದ ನಕಲು ಅದರ ಪ್ರಕಾರ ತಪ್ಪು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ನಕಲನ್ನು ಮಾರಿದರೆ ತಪ್ಪಿಲ್ಲ! ಈ ಕಾನೂನು ತನ್ನ ಉದ್ದೇಶವನ್ನೇ ಸೋಲಿಸುವಂತೆ ರಚಿತವಾಗಿದೆ ಎಂಬರ್ಥದ ಮಾತನ್ನು ಅವರು ಆಡಿದರು, ಶಿಲ್ಪಿ ಸೋತ. ಮೂರು ವರ್ಷದ ನಂತರ, 1814ರಲ್ಲಿ, ಸಂಸತ್ತು ಹೊಸ ಕಾನೂನು ಮಾಡಿ ಆ ತೂತು ಮುಚ್ಚಿತು. 14 ವರ್ಷ ಕಳೆದ ಮೇಲೂ ಶಿಲ್ಪಿ ಬದುಕಿದ್ದರೆ ಇನ್ನೂ 14 ವರ್ಷ ಹಕ್ಕು ಸಿಗುವಂತಾಯಿತು. ಆದರೆ ಒಂದು ಷರತ್ತು: ವಸ್ತುವಿನ ಮೇಲೆ ಮಾಡಿದವನ ಹೆಸರೂ ತಾರೀಖೂ ಇರಬೇಕು.

ನಮ್ಮಲ್ಲಿ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತಾರೆ. ಅಚ್ಚಿನ ವಿಷಯದಲ್ಲಿ ದೊಣ್ಣೆ ಮಡಕೆಯನ್ನು ಒಡೆಯುವುದಿಲ್ಲ, ಅಂಥದ್ದೇ ಇನ್ನೊಂದನ್ನು ಹುಟ್ಟಿಸುತ್ತದೆ. ಮಾಡಿದವನ ಮಡಕೆ ಅವನ ಬಳಿಯೇ ಇರುತ್ತದೆ, ಹೋಗುವುದು ಅವನ ವರುಷ. ಚಿತ್ರವನ್ನು ನೋಡಿ ಬರೆಯುವ ನಕಲುಗಾರನಿಗೂ ಕೈ ಪಳಗಿರಬೇಕು. ಅಚ್ಚು ತೆಗೆಯುವವನು ಆ ವಸ್ತುವನ್ನು ಅರ್ಥ ಮಾಡಿಕೊಳ್ಳಬೇಕಾಗಿಯೂ ಇಲ್ಲ. ಕದ್ದ ಎರಕವನ್ನು ಗುರುತಿಸುವುದು ಸಾಧ್ಯವಾಗುವುದೂ ಇದರಿಂದಲೇ. ಚೂಪಾದ ಅಂಚುಗಳು ಮೊಂಡಾಗಿರುತ್ತವೆ, ಗಾಳಿಗುಳ್ಳೆಗಳ ಗುರುತು ಉಳಿದಿರುತ್ತದೆ, ಮತ್ತು ಮೂಲದ ತಪ್ಪುಗಳೆಲ್ಲ ಯಥಾವತ್ತಾಗಿ ಬಂದಿರುತ್ತವೆ.

ಇನ್ನು ಸಿನಿಮಾದ ವಸ್ತುಗಳ ಕತೆಗೆ ಬರೋಣ. ಈ ಲೋಕದವರೆಲ್ಲ ಬಾಯಿಪಾಠ ಮಾಡಿದ ಮೊಕದ್ದಮೆಯೊಂದಿದೆ. 1976ರಲ್ಲಿ ಇಂಗ್ಲೆಂಡಿನಲ್ಲಿ ‘ಸ್ಟಾರ್ ವಾರ್ಸ್’ ಮೊದಲ ಚಿತ್ರದ ಚಿತ್ರೀಕರಣಕ್ಕೆ ಬಿಳಿಯ ಸ್ಟಾರ್ಮ್‌ಟ್ರೂಪರ್ ಶಿರಸ್ತ್ರಾಣಗಳು ಬೇಕಾದವು. ರಾಲ್ಫ್ ಮೆಕ್ವಾರಿ ಚಿತ್ರ ಬರೆದ. ನಿಕ್ ಪೆಂಬರ್ಟನ್ ಅದನ್ನು ಜೇಡಿಮಣ್ಣಿನಲ್ಲಿ ಮೂಡಿಸಿದ. ಟ್ವಿಕನ್‌ಹ್ಯಾಮ್‌ನ ಆಂಡ್ರ್ಯೂ ಐನ್ಸ್‌ವರ್ತ್ ತನ್ನ ಕಾರ್ಯಾಗಾರದಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಗಾಳಿ ಹೀರಿ ಕೂರಿಸಿ, 50 ಶಿರಸ್ತ್ರಾಣ ಮಾಡಿಕೊಟ್ಟ. 2004ರಲ್ಲಿ ಐನ್ಸ್‌ವರ್ತ್ ಅವುಗಳ ಪ್ರತಿಕೃತಿಗಳನ್ನು ತಾನೇ ಮಾರತೊಡಗಿದ. ಚಿತ್ರದ ಒಡೆತನವಿದ್ದ ಲ್ಯೂಕಸ್‌ಫಿಲ್ಮ್ ಕೋರ್ಟಿಗೆ ಹೋಯಿತು. ಅಮೆರಿಕಕ್ಕೆ ಅವನು ಮಾರಿದ್ದ ಮಾಲಿನ ಬೆಲೆ 30,000 ಡಾಲರನ್ನು ಮೀರಿರಲಿಲ್ಲ. ಅವನು ಹಾಜರಾಗದ ಕ್ಯಾಲಿಫೋರ್ನಿಯಾದ ನ್ಯಾಯಾಲಯ 2006ರಲ್ಲಿ ಅವನ ಮೇಲೆ ಹೊರಿಸಿದ್ದು 2 ಕೋಟಿ ಡಾಲರ್.

ಅವನ ಊರಾದ ಇಂಗ್ಲೆಂಡಿನಲ್ಲಿ ಪ್ರಶ್ನೆಯೇ ಬೇರೆಯಾಯಿತು: ಈ ಶಿರಸ್ತ್ರಾಣ ‘ಶಿಲ್ಪ’ವೇ? ಶಿಲ್ಪವಾಗಿದ್ದರೆ ದೀರ್ಘಕಾಲದ ಕೃತಿಸ್ವಾಮ್ಯವಿದೆ. ಬರೀ ಬಳಕೆಯ ವಸ್ತುವಾಗಿದ್ದರೆ ಇಲ್ಲ, ಅದರ ಮೂಲ ಚಿತ್ರದ ಮೇಲೆ ಹಕ್ಕಿದ್ದರೂ ವಸ್ತುವನ್ನು ಮಾಡುವವನನ್ನು ತಡೆಯಲಾಗದು. 2008ರ ಹೈಕೋರ್ಟು, 2009ರ ಮೇಲ್ಮನವಿ ನ್ಯಾಯಾಲಯ, ಕೊನೆಗೆ 2011ರ ಜುಲೈ 27ರಂದು ಸುಪ್ರೀಂ ಕೋರ್ಟು, ಮೂರೂ ಒಂದೇ ಮಾತು ಹೇಳಿದವು: ಇದು ಶಿಲ್ಪವಲ್ಲ. ಚಿತ್ರ ತಯಾರಿಕೆಯಲ್ಲಿ ಉಪಯೋಗಕ್ಕೆ ಬಂದ ವಸ್ತು. ಕಲಾಕೃತಿ ಎನ್ನುವುದಾದರೆ ಅದು ಆ ಸಿನಿಮಾ. ಸುಪ್ರೀಂ ಕೋರ್ಟಿನ ತೀರ್ಪು ‘ಶಿಲ್ಪ’ದ ಅರ್ಥ ಹುಡುಕುತ್ತಾ 1798 ಮತ್ತು 1814ರ ಕಾನೂನುಗಳವರೆಗೂ ಹಿಂದೆ ಹೋಗುತ್ತದೆ. ಗ್ಯಾರಾರ್ಡನ ದನಗಳು ಬಾಹ್ಯಾಕಾಶದ ಸಿಪಾಯಿಗಳ ಮೊಕದ್ದಮೆಗೆ ಸಾಕ್ಷಿ ಹೇಳಲು ಬಂದವು! ಆದರೆ ಅಮೆರಿಕದ ಕೃತಿಸ್ವಾಮ್ಯವನ್ನು ಉಲ್ಲಂಘಿಸಿದ ದೂರನ್ನು ಇಂಗ್ಲೆಂಡಿನ ನ್ಯಾಯಾಲಯವೂ ವಿಚಾರಿಸಬಹುದು ಎಂದು ಅದೇ ತೀರ್ಪು ಹೇಳಿದ್ದರಿಂದ, ಅಮೆರಿಕಕ್ಕೆ ಕಳಿಸಿದ ಮಾಲಿನ ಮಟ್ಟಿಗೆ ಐನ್ಸ್‌ವರ್ತ್ ಸೋತ.

ಈ ಮೊಕದ್ದಮೆ ಕೈಕೆಲಸದವರಿಗೆ ಸಂತೋಷವನ್ನೂ ಆತಂಕವನ್ನೂ ಒಟ್ಟಿಗೆ ತಂದಿತು. ದೊಡ್ಡ ಕಂಪನಿಯ ಎದುರು ಕಾರ್ಯಾಗಾರದವನೊಬ್ಬ ತನ್ನ ನೆಲದಲ್ಲಿ ಗೆದ್ದ, ಸರಿ. ಆದರೆ ಮೂಲ ಶಿರಸ್ತ್ರಾಣಕ್ಕೇ ಹಕ್ಕಿಲ್ಲ ಎಂದಮೇಲೆ, ಅದನ್ನು ನೋಡಿ ಕೈಯಾರೆ ಮಾಡಿದವನ ಪ್ರತಿಕೃತಿಗೆ ಎಲ್ಲಿಂದ ಬರಬೇಕು? 1988ರಲ್ಲೇ ಲೆಗೊ ಆಟಿಕೆಯ ಇಂಟರ್‌ಲೆಗೊ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಹೇಳಿತ್ತು: ನಕಲು ಮಾಡುವುದರಲ್ಲಿ ಎಷ್ಟೇ ಕೌಶಲ, ಎಷ್ಟೇ ಶ್ರಮ ಇದ್ದರೂ ಅಷ್ಟರಿಂದಲೇ ಸ್ವಂತಿಕೆ ಹುಟ್ಟುವುದಿಲ್ಲ. ಗೆಳೆಯನಿಗೆ ವಕೀಲರು ಕೇಳಿದ ಪ್ರಶ್ನೆಯ ಹಿಂದಿದ್ದ ತರ್ಕ ಇದೇ.

ತರ್ಕ ಸರಿಯಾಗಿಯೇ ಇದೆ, ಆದರೆ ನನಗೆ ಅದು ಅರ್ಧ ನ್ಯಾಯವೆನಿಸುತ್ತದೆ. ಪರದೆಯ ಮೇಲೆ ಕಂಡದ್ದನ್ನು ನೂರು ಸಲ ನಿಲ್ಲಿಸಿ ನೋಡಿ, ಕಾಣದ ಹಿಂಬದಿಯನ್ನು ಊಹಿಸಿ, ಮಣ್ಣಿನಲ್ಲಿ ಕಟ್ಟುವವನು ಸಿನಿಮಾದವರಿಗೆ ಋಣಿ. ಅವರು ಆಕ್ಷೇಪಿಸಿದರೆ ತಲೆಬಾಗಬೇಕಾದವನೇ. ಆದರೆ ಅವನ ಐದು ತಿಂಗಳನ್ನು ಎರಡು ದಿನದಲ್ಲಿ ರಬ್ಬರಿಗೆ ಇಳಿಸಿಕೊಂಡವನು ಸಿನಿಮಾದವರಿಗೂ ಋಣಿಯಲ್ಲ, ಇವನಿಗೂ ಅಲ್ಲ. ಇಬ್ಬರನ್ನೂ ‘ನಕಲುಗಾರರು’ ಎಂದು ಒಂದೇ ಚೀಲಕ್ಕೆ ತುಂಬುವ ಕಾನೂನಿಗೆ ಅಚ್ಚಿನ ಕಳ್ಳತನ ಇನ್ನೂ ಸರಿಯಾಗಿ ಕಂಡಿಲ್ಲ.

ನಮ್ಮ ದೇಶದ ಕಾನೂನೂ ಆ ಬಳ್ಳಿಯ ಕುಡಿಯೇ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ‘ಶಿಲ್ಪ’ ಎಂದರೆ ಎರಕಗಳೂ ಮಾದರಿಗಳೂ ಸೇರುತ್ತವೆ. ಹಾಗಾಗಿ ಯಾವ ಸಿನಿಮಾದ್ದೂ ಅಲ್ಲದ, ನೀವೇ ಕಲ್ಪಿಸಿ ಮಾಡಿದ ಮುಖವಾಡಕ್ಕೆ ಹಕ್ಕು ಕೇಳುವ ದಾರಿಯಿದೆ. ಆದರೆ ಅದೇ ಕಾಯ್ದೆಯ 15ನೇ ಕಲಂ ಒಂದು ಎಣಿಕೆ ಇಟ್ಟಿದೆ. ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಸ್ತುವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ಮಾಡಿದರೆ ಆ ವಿನ್ಯಾಸದ ಮೇಲಿನ ಕೃತಿಸ್ವಾಮ್ಯ ಹೋಗುತ್ತದೆ. ಕೈಯಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. 2000ದ ವಿನ್ಯಾಸ ಕಾಯ್ದೆ ಕೈಯಿಂದ ಮಾಡುವ ವಿಧಾನವನ್ನೂ ಹೆಸರಿಸಿಯೇ ಸೇರಿಸಿಕೊಂಡಿದೆ. ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ. ಆದರೆ ನೋಂದಣಿಗೆ ಮೊದಲೇ ಜನರಿಗೆ ತೋರಿಸಿದ ವಿನ್ಯಾಸ ‘ಹೊಸದು’ ಎನಿಸಿಕೊಳ್ಳುವುದು ಕಷ್ಟ. ಮಾಡಿದ ಸಂಭ್ರಮಕ್ಕೆ ಫೋಟೋ ಹಾಕಿ, ಆಮೇಲೆ ಅರ್ಜಿ ಬರೆಯಲು ಕೂರುವವರಿಗೆ ಈ ಮಾತು.

ಚನ್ನಪಟ್ಟಣದ ಗೊಂಬೆಗಳ ಅನುಭವವೂ ಇದಕ್ಕೆ ಹತ್ತಿರದ್ದೇ. ಆಲೆಮರದ ತುಂಡನ್ನು ತಿರುಗಣೆಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಮಾಡುವ ಆ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಆ ಮಾನ್ಯತೆ ಕಾಯುವುದು ಹೆಸರನ್ನು, ಆಕಾರವನ್ನಲ್ಲ. ಅಂಥದ್ದೇ ಗೊಂಬೆಯನ್ನು ಬೇರೆಲ್ಲೋ ಯಂತ್ರದಲ್ಲಿ ಮಾಡಿ, ಊರಿನ ಹೆಸರು ಹೇಳದೆ ಸುಮ್ಮನೆ ‘ಮರದ ಗೊಂಬೆ’ ಎಂದು ಮಾರಿದರೆ ಅದರ ಬಲ ಅಲ್ಲಿಗೆ ಮುಗಿಯಿತು. ‘ಇದು ಯಾವ ಊರಿನದಪ್ಪಾ?’ ಎಂದು ಕೊಳ್ಳುವವರು ಕೇಳಿದರೆ ಮಾತ್ರ ಆ ಹೆಸರಿಗೆ ಬೆಲೆ.

1814ರ ಕಾನೂನು ಕೇಳಿದ್ದ ಹೆಸರು ಮತ್ತು ತಾರೀಖು ಈಗಲೂ ಅಗ್ಗದ ಉಪಾಯ. ಒಳಬದಿಯಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಗುರುತು, ಕಾಣದ ಕಡೆ ಇನ್ನೊಂದು. ಮಣ್ಣಿನ ಹಂತದಿಂದಲೇ ದಿನವಾರು ಫೋಟೋಗಳು. ಕೊಂಡವರಿಗೆ ಸಂಖ್ಯೆ ಹಾಕಿದ ಚೀಟಿ. ಕಾನೂನು ಕೈಕೊಟ್ಟರೂ ಕೊಳ್ಳುವವರ ಮುಂದೆ ಇಡಲು ಇಷ್ಟು ಸಾಕ್ಷಿ ಉಳಿಯುತ್ತದೆ. ಕೊಳ್ಳುವವರಾದ ನಮಗೆ ಇರುವ ಕೆಲಸ ಇನ್ನೂ ಸುಲಭದ್ದು. ಅರ್ಧ ಬೆಲೆಯ ವಸ್ತು ಕಣ್ಣಿಗೆ ಬಿದ್ದಾಗ, ಅದನ್ನು ಮಾಡುವಾಗಿನ ಮಣ್ಣಿನ ಹಂತದ ಒಂದು ಫೋಟೋ ತೋರಿಸಿ ಎಂದು ಮಾರುವವನನ್ನು ಕೇಳಿ. ಮಾಡಿದವನು ಹತ್ತು ತೋರಿಸುತ್ತಾನೆ, ಬೇಡವೆಂದರೂ ಕತೆ ಹೇಳುತ್ತಾನೆ. ಅಚ್ಚು ತೆಗೆದವನ ಹತ್ತಿರ ತೋರಿಸಲು ಇರುವುದು ಕೊನೆಯ ವಸ್ತು ಮಾತ್ರ.