ಮನೆಯ ಸರ್ವರಿಗೆ ಲಾವಣಿಯ ನಂಬರು

ಗೋಕಾಕದ ಪಿನ್ ಕೋಡ್ 591307, ಹುಕ್ಕೇರಿಯದು 591309, ಮೂಡಲಗಿಯದು 591312. ದೇಶಕ್ಕೆ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾದರೂ ಅದರ ಪಿನ್ ಬದಲಾಗಲಿಲ್ಲ. ಮನೆಯ ಕಂಪ್ಯೂಟರಿನ ನಂಬರು ಮಾತ್ರ ಹಾಗಲ್ಲ. ಇಂದು ಒಂದಿದ್ದರೆ ನಾಳೆ ಇನ್ನೊಂದು.

ಹಳೆಯ ಕಂಪ್ಯೂಟರನ್ನೇ ಸರ್ವರ್ ಮಾಡಿ ಹೊಲದ ಉತಾರ, ಮದುವೆಯ ಫೋಟೊ, ಮಕ್ಕಳ ಪಾಠದ ವಿಡಿಯೊ ಇಟ್ಟುಕೊಂಡವರಿಗೆ ಇದೇ ತಲೆನೋವು. ನಿನ್ನೆ ಫೋನಿನಲ್ಲಿ ಕಾಣುತ್ತಿದ್ದ ಉತಾರ ಇಂದು ಸಿಗುವುದಿಲ್ಲ. ಗಾಬರಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದರೆ ಇದ್ದದ್ದೂ ಹೋಗುತ್ತದೆ. ಎಷ್ಟೋ ಸಲ ಕಳೆದಿರುವುದು ಫೈಲ್ ಅಲ್ಲ, ವಿಳಾಸ. ಹೀಗೇಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗೋಣ.

ಮೊದಲೆಲ್ಲ ಕಂಪ್ಯೂಟರಿಗೆ ನಂಬರನ್ನು ಕೈಯಿಂದಲೇ ಹಾಕುತ್ತಿದ್ದರು. ಊರಿನ ಕುಲಕರ್ಣಿ ಖಾತೆ ಬರೆದಿಟ್ಟ ಹಾಗೆ, ಅಮೆರಿಕದ ಜಾನ್ ಪೋಸ್ಟೆಲ್ ಇಂಟರ್ನೆಟ್ ನಂಬರುಗಳ ಲೆಕ್ಕ ಇಡುತ್ತಿದ್ದರು. ಆಮೇಲೆ ಡಿಸ್ಕ್ ಇಲ್ಲದ ಕಂಪ್ಯೂಟರುಗಳು ಬಂದವು. ಒಮ್ಮೆ ಆರಿಸಿದರೆ ಅವಕ್ಕೆ ತಮ್ಮ ನಂಬರು ನೆನಪಿರುತ್ತಿರಲಿಲ್ಲ. ಚಾಲೂ ಆದಾಗ ಕೇಳಿ ಪಡೆಯಲೆಂದು 1984ರಲ್ಲಿ ರಾರ್ಪ್, 1985ರಲ್ಲಿ ಬೂಟ್‌ಪಿ ಎಂಬ ಪದ್ಧತಿಗಳು ಬಂದವು. ಆದರೂ ಯಾವ ಯಂತ್ರಕ್ಕೆ ಯಾವ ನಂಬರು ಎಂಬ ಪಟ್ಟಿಯನ್ನು ಮನುಷ್ಯರೇ ಬರೆದಿಡಬೇಕಿತ್ತು. ಬಂದು ಹೋಗುವ ಯಂತ್ರಗಳಿಗೆಲ್ಲ ಕಾಯಂ ನಂಬರು ಕೊಡುತ್ತ ಹೋದರೆ ನಂಬರುಗಳೇ ಸಾಲುವುದಿಲ್ಲ.

1993ರಲ್ಲಿ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದ ರಾಲ್ಫ್ ಡ್ರೋಮ್ಸ್ ಹೆಸರಿನಲ್ಲಿ ಡಿಎಚ್‌ಸಿಪಿಯ ನಿಯಮ ಹೊರಬಂತು. 1997ರಲ್ಲಿ ಅದನ್ನು ತಿದ್ದಿ ಬರೆದರು. ನಮ್ಮ ಕಡೆ ಹೊಲವನ್ನು ಲಾವಣಿಗೆ ಕೊಟ್ಟ ಹಾಗೆ ಇದು ನಂಬರನ್ನು ಇಂತಿಷ್ಟು ಅವಧಿಗೆ ಕೊಡುತ್ತದೆ. ಇಂಗ್ಲಿಷಿನಲ್ಲೂ ಅದಕ್ಕೆ ಲೀಸ್ ಎಂದೇ ಹೆಸರು. ಅರ್ಧ ಅವಧಿ ಕಳೆದಾಗ ಕಂಪ್ಯೂಟರ್ 'ಲಾವಣಿ ಮುಂದುವರಿಸಿ' ಎಂದು ಕೇಳುತ್ತದೆ. ಅವಧಿ ಮುಗಿಯುವವರೆಗೂ ಕೇಳದಿದ್ದರೆ ಆ ನಂಬರು ಬೇರೆಯವರಿಗೆ ಹೋಗಬಹುದು. ಮನೆಯಲ್ಲಿ ಈ ಲಾವಣಿ ಕೊಡುವ ಯಜಮಾನ ವೈಫೈ ರೂಟರ್.

1996ರಲ್ಲಿ ಇನ್ನೊಂದು ನಿಯಮ ಬಂತು. 192.168ರಿಂದ ಶುರುವಾಗುವ ನಂಬರುಗಳನ್ನು ಒಳಬಳಕೆಗೆಂದೇ ಬಿಟ್ಟರು. ಹೀಗಾಗಿ ಗೋಕಾಕದ ಮನೆಯಲ್ಲೂ ಹುಕ್ಕೇರಿಯ ಮನೆಯಲ್ಲೂ ಒಂದೇ ನಂಬರು ಇದ್ದರೆ ಜಗಳವಿಲ್ಲ. ಒಂದೇ ಮನೆಯಲ್ಲಿ ಎರಡು ಯಂತ್ರಕ್ಕೆ ಒಂದೇ ನಂಬರು ಬಂದರೆ ಮಾತ್ರ ತೊಂದರೆ.

ಸರ್ವರ್ ಸಿಗದಾಗ ನಾವು ಮೊದಲು ಅದಕ್ಕೊಂದು ಪರದೆ ಜೋಡಿಸಿ ನಂಬರು ನೋಡುತ್ತೇವೆ. ಅದು 169.254ರಿಂದ ಶುರುವಾಗಿದ್ದರೆ, ಕೇಳಿದಾಗ ರೂಟರ್ ಉತ್ತರ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದು ನಂಬರು ಇಟ್ಟುಕೊಂಡಿದೆ ಎಂದರ್ಥ. ವಿಂಡೋಸ್ 98ರಲ್ಲೇ ಇದ್ದ ಈ ಪದ್ಧತಿ 2005ರಲ್ಲಿ ಎಲ್ಲರಿಗೂ ನಿಯಮವಾಯಿತು. ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಕರೆಂಟ್ ಬಂದಾಗ ರೂಟರಿಗಿಂತ ಮೊದಲೇ ಸರ್ವರ್ ಎದ್ದಿರಬಹುದು. ಕೇಬಲ್ ಒತ್ತಿ, ರೂಟರ್ ಪೂರ್ತಿ ಚಾಲೂ ಆದ ಮೇಲೆ ಸರ್ವರನ್ನು ಆರಿಸಿ ಹಚ್ಚಿ.

192.168ರಿಂದಲೇ ಶುರುವಾಗಿ ಕೊನೆಯ ಅಂಕಿ ಬೇರೆಯಾಗಿದ್ದರೆ ಲಾವಣಿ ಬದಲಾಗಿದೆ. ಮನೆಯಲ್ಲಿ ಎರಡನೆಯ ರೂಟರ್ ಇದ್ದರೆ ಅದೂ ನಂಬರು ಹಂಚುತ್ತಿದೆಯೇ ನೋಡಿ. ಒಂದು ಹೊಲಕ್ಕೆ ಇಬ್ಬರು ಯಜಮಾನರು ಆಗುವುದಿಲ್ಲ. ಅದರ ಡಿಎಚ್‌ಸಿಪಿ ಬಂದ್ ಮಾಡಿ.

ಕಾಯಂ ಪರಿಹಾರ ರೂಟರಿನ ಸೆಟ್ಟಿಂಗ್ಸಿನಲ್ಲಿದೆ. 'ಅಡ್ರೆಸ್ ರಿಸರ್ವೇಶನ್' ಎಂಬಲ್ಲಿ ಸರ್ವರಿನ ಮ್ಯಾಕ್ ನಂಬರು ಹಾಕಿ ಅದಕ್ಕೊಂದು ವಿಳಾಸ ಗೊತ್ತುಮಾಡಿ. ಆಮೇಲೆ ಕರೆಂಟ್ ಎಷ್ಟು ಸಲ ಹೋಗಿ ಬಂದರೂ ರೂಟರ್ ಅದಕ್ಕೆ ಅದೇ ನಂಬರು ಕೊಡುತ್ತದೆ. 1985ರ ಆ ಪಟ್ಟಿಯೇ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ಬಂದು ಹೋಗುವ ಫೋನುಗಳಿಗೆ ಲಾವಣಿ, ಮನೆಯಲ್ಲೇ ಇರುವ ಸರ್ವರಿಗೆ ಕಾಯಂ ಖಾತೆ.

ಫಾರ್ಮ್ಯಾಟ್ ಮಾಡಿಸುವ ಮೊದಲು ನಂಬರು ನೋಡಿ. ಉತಾರ ಇದ್ದಲ್ಲೇ ಇರಬಹುದು.