ಅಂತಿಯೋಕ್ಯದ ಪಂಕ್ತಿ, ಕಾವೇರಿಯ ತೀರ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ಹಿರಿಯರಿಗೆ ಪಂಕ್ತಿಯೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ಮನೆಯಲ್ಲಿ ಎಲೆ ಹಾಕಿದ ಮೇಲೆ ಯಾರು ಯಾರ ಪಕ್ಕದಲ್ಲಿ ಕುಳಿತರು, ಯಾರಿಗೆ ಒಳಾಂಗಣ, ಯಾರಿಗೆ ಜಗಲಿ, ಯಾರಿಗೆ ಅಂಗಳದಾಚೆ ಎಂಬುದನ್ನು ನೋಡಿದರೆ ಒಂದು ಕಾಲಕ್ಕೆ ಊರಿನ ಇತಿಹಾಸದ ಅರ್ಧಭಾಗ ತಿಳಿಯುತ್ತಿತ್ತು. ಈ ಕಟ್ಟನ್ನು ಮುರಿದವರೂ ಇದೇ ಸೀಮೆಯಲ್ಲಿದ್ದಾರೆ. ಮಂಟೇಸ್ವಾಮಿಯ ಗದ್ದುಗೆಯಿರುವುದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಆತನ ಶಿಷ್ಯನಾದ ಸಿದ್ದಪ್ಪಾಜಿಯ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಬೇರೆ ಬೇರೆ ಕುಲದವರು ಒಟ್ಟಿಗೆ ಕುಳಿತು ಉಣ್ಣುವುದಕ್ಕೆ ಪಂಕ್ತಿಸೇವೆಯೆಂದೇ ಹೆಸರು. ನಮ್ಮಲ್ಲಿ ಸಹಭೋಜನವು ಬರಿಯ ಊಟವಲ್ಲ, ಅದೊಂದು ಸಿದ್ಧಾಂತ.

ಇದನ್ನು ಅರಿತವರಿಗೆ ಕ್ರೈಸ್ತಧರ್ಮದ ಆದಿಕಾಲದ ಒಂದು ಜಗಳ ಸುಲಭವಾಗಿ ಅರ್ಥವಾಗುತ್ತದೆ. ಕ್ರಿ.ಶ. ಮೊದಲನೆಯ ಶತಮಾನದ ನಡುವೆ, ಸಿರಿಯಾ ಪ್ರಾಂತದ ಅಂತಿಯೋಕ್ಯವೆಂಬ ಮಹಾನಗರದಲ್ಲಿ, ಇಬ್ಬರು ಹಿರಿಯ ಬೋಧಕರು ಒಂದು ಪಂಕ್ತಿಯ ವಿಚಾರವಾಗಿ ಎಲ್ಲರೆದುರು ಮುಖಾಮುಖಿಯಾದರು. ಒಬ್ಬನು ಪೇತ್ರ, ಇನ್ನೊಬ್ಬನು ಪೌಲ.

ಇಬ್ಬರನ್ನೂ ಅಪೊಸ್ತಲರೆಂದು ಕರೆಯುತ್ತಾರೆ. ಕಳುಹಿಸಲ್ಪಟ್ಟವನು ಎಂಬುದು ಆ ಗ್ರೀಕ್ ಮಾತಿನ ಅರ್ಥ. ಕನ್ನಡದ ಪ್ರಾಟೆಸ್ಟೆಂಟರು ಆ ಶಬ್ದವನ್ನೇ ಉಳಿಸಿಕೊಂಡರು. ಕಥೋಲಿಕರು ಅದನ್ನು ಪ್ರೇಷಿತರು ಎಂದು ಸಂಸ್ಕೃತಕ್ಕೆ ತಂದರು. ಕಳುಹಿಸಿದಾತ ಒಬ್ಬನೇ ಆದರೂ ಹೋದವರ ಸ್ವಭಾವ, ಹಿಡಿದ ದಾರಿ ಒಂದೇ ಆಗಿರಲಿಲ್ಲ.

ಪೇತ್ರನು ಗಲಿಲಾಯ ಸರೋವರದ ಬೆಸ್ತ. ಮನೆಯಲ್ಲಿ ಹೆಂಡತಿ, ಅತ್ತೆ ಇದ್ದ ಸಂಸಾರಿ. ಯೇಸುವಿನ ಜೊತೆಯಲ್ಲಿ ತಿರುಗಿ, ಉಂಡು, ಕೊನೆಯ ರಾತ್ರಿಯಲ್ಲಿ ಆತನನ್ನು ಅರಿಯೆನೆಂದು ಮೂರು ಸಲ ಹೇಳಿ, ಮತ್ತೆ ಅತ್ತು ಹಿಂದಿರುಗಿದವನು. ಪೌಲನು ತಾರ್ಸದ ಪಟ್ಟಣಿಗ, ರೋಮಿನ ನಾಗರಿಕ, ಗ್ರೀಕ್ ಬರಹದಲ್ಲಿ ನುರಿತವನು. ಯೇಸುವಿನ ಜೀವಿತಕಾಲದಲ್ಲಿ ಆತನ ಶಿಷ್ಯನಾಗಿದ್ದವನಲ್ಲ. ಮೊದಲು ಆತನ ಶಿಷ್ಯರನ್ನು ಹಿಂಸಿಸಿದವನು. ಮುಂದೆ ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತ ಊರೂರು ತಿರುಗಿದನು. ಅವನದೇ ಎಂದು ವಿದ್ವಾಂಸರೆಲ್ಲರೂ ಒಪ್ಪುವ ಏಳು ಪತ್ರಗಳು ನಮಗೆ ಉಳಿದಿವೆ. ಪೇತ್ರನ ಹೆಸರಿನಲ್ಲಿರುವ ಎರಡು ಪತ್ರಗಳ ಕರ್ತೃತ್ವದ ವಿಷಯದಲ್ಲಿ ಅಂಥ ಒಮ್ಮತವಿಲ್ಲ. ಪೇತ್ರನನ್ನು ನಾವು ಹೆಚ್ಚಾಗಿ ಇತರರ ಲೇಖನಿಯಿಂದಲೇ ಬಲ್ಲೆವು.

ಮೂರನೆಯವನೊಬ್ಬನಿದ್ದಾನೆ. ಅವನು ಯೆರೂಸಲೇಮಿನ ಸಭೆಗೆ ಮುಖಂಡನಾಗಿದ್ದ ಯಾಕೋಬ, ಯೇಸುವಿನ ಸೋದರನೆಂದು ಪ್ರಸಿದ್ಧನಾದವನು. ಯೆಹೂದ್ಯರ ಧರ್ಮಶಾಸ್ತ್ರದಲ್ಲಿ ಅವನಿಗೆ ನಿಷ್ಠೆ. ಅವನನ್ನು ಕ್ರಿ.ಶ. 62ರಲ್ಲಿ ಕಲ್ಲೆಸೆದು ಕೊಂದರೆಂದು ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅವನ ಹೆಸರಿನ ಪತ್ರವು ನಡತೆಯಿಲ್ಲದ ನಂಬಿಕೆ ಸತ್ತದ್ದೆಂದು ಸಾರುತ್ತದೆ. ಪೌಲನಾದರೋ ಮನುಷ್ಯನು ಶಾಸ್ತ್ರದ ಆಚರಣೆಯಿಂದಲ್ಲ, ನಂಬಿಕೆಯಿಂದಲೇ ನೀತಿವಂತನೆನಿಸುವನೆಂದು ವಾದಿಸುತ್ತಾನೆ. ಸ್ವಾರಸ್ಯವೆಂದರೆ ಇಬ್ಬರೂ ತಮ್ಮ ಮಾತಿಗೆ ಪುರಾಣಪುರುಷನಾದ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ.

ಇವರೆದುರು ನಿಂತ ಪ್ರಶ್ನೆ ವ್ಯಾವಹಾರಿಕವಾದುದು. ಗ್ರೀಕನೊಬ್ಬನು ಯೇಸುವನ್ನು ನಂಬಬೇಕಾದರೆ ಮೊದಲು ಯೆಹೂದ್ಯನಾಗಬೇಕೇ? ಸುನ್ನತಿ ಮಾಡಿಸಿಕೊಂಡು, ಮಡಿಯೂಟದ ನಿಯಮಗಳನ್ನು ಪಾಲಿಸಬೇಕೇ? ಕ್ರಿ.ಶ. 49ರ ಸುಮಾರಿನಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಸಭೆ ಸೇರಿದರು. ಸುನ್ನತಿಯ ಹೊರೆಯನ್ನು ಅನ್ಯರ ಮೇಲೆ ಹೊರಿಸಬೇಕಾಗಿಲ್ಲವೆಂದು ತೀರ್ಮಾನವಾಯಿತು. ವಿಗ್ರಹಕ್ಕೆ ನಿವೇದಿಸಿದ ಆಹಾರ, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿಯ ಮಾಂಸ, ವ್ಯಭಿಚಾರ ಇಷ್ಟನ್ನು ವರ್ಜಿಸಿದರೆ ಸಾಕೆಂದು ಯಾಕೋಬನು ತೀರ್ಪಿತ್ತನೆಂದು ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥ ಹೇಳುತ್ತದೆ. ಸುನ್ನತಿಯಿಲ್ಲದವರಿಗೆ ಪೌಲ, ಸುನ್ನತಿಯುಳ್ಳವರಿಗೆ ಪೇತ್ರ ಎಂದು ಸೇವಾಕ್ಷೇತ್ರವೂ ಹಂಚಿಹೋಯಿತೆಂದು ಪೌಲನು ತನ್ನ ಗಲಾತ್ಯದ ಪತ್ರದಲ್ಲಿ ತಿಳಿಸುತ್ತಾನೆ.

ಆದರೆ ಸಭೆಯಲ್ಲಿ ಒಪ್ಪಿದ್ದು ಊಟದ ಮನೆಯಲ್ಲಿ ನಿಲ್ಲುವುದು ಕಷ್ಟ. ಇಂದು ತುರ್ಕಿ ದೇಶದಲ್ಲಿ ಅಂತಾಕ್ಯವೆನಿಸಿಕೊಳ್ಳುವ ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರೊಡನೆ ಸಂಕೋಚವಿಲ್ಲದೆ ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರನ್ನು ಕಂಡು ಪೇತ್ರನು ಹಿಂಜರಿದು ಪಂಕ್ತಿಯನ್ನು ಬಿಟ್ಟೆದ್ದನು. ಉಳಿದ ಯೆಹೂದ್ಯರೂ ಎದ್ದರು. ಪೌಲನ ಜೊತೆಗಾರನಾದ ಬಾರ್ನಬನೂ ಎದ್ದನು. ಪೌಲನು ಪೇತ್ರನನ್ನು ಎಲ್ಲರ ಮುಂದೆ ಕಪಟಿಯೆಂದು ಖಂಡಿಸಿದನು.

ಇಲ್ಲಿ ನಾವು ಅವಸರದಿಂದ ತೀರ್ಪು ಕೊಡಬಾರದು. ಈ ಪ್ರಸಂಗದಲ್ಲಿ ನಮಗೆ ದೊರೆಯುವುದು ಪೌಲನ ಮಾತೊಂದೇ. ಪೇತ್ರನು ಏನು ಉತ್ತರ ಕೊಟ್ಟನೋ ಪತ್ರದಲ್ಲಿಲ್ಲ. ಪೌಲನ ಸಾಹಸಗಳನ್ನು ವಿಸ್ತಾರವಾಗಿ ವರ್ಣಿಸುವ ಅಪೊಸ್ತಲರ ಕೃತ್ಯಗಳಲ್ಲಿ ಈ ಜಗಳದ ಸುದ್ದಿಯೇ ಇಲ್ಲ. ಪೇತ್ರನ ಕಷ್ಟವನ್ನು ಊಹಿಸುವುದಂತೂ ಅಸಾಧ್ಯವಲ್ಲ. ಊರಿನಿಂದ ನೆಂಟರು ಬಂದಾಗ ಪಟ್ಟಣದ ಮನೆಯ ನಡವಳಿಕೆಯನ್ನು ಬದಲಿಸಿದ ಗೃಹಸ್ಥರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಎರಡು ಪಕ್ಷಗಳನ್ನು ಕೂಡಿಸಿಕೊಂಡು ಹೋಗಬೇಕಾದವನಿಗೆ ಸಮಾಧಾನವೇ ಧರ್ಮವಾಗಿ ತೋರುತ್ತದೆ. ಪೌಲನಿಗೆ ಕಂಡದ್ದು ಬೇರೆ. ಎದ್ದುಹೋದವನ ಮರ್ಯಾದೆಯೇನೋ ಉಳಿಯಿತು. ಕುಳಿತೇ ಇದ್ದವನಿಗೆ ಆದ ಅವಮಾನವೇನು? ಅದೇ ಪೌಲನು, ಜನರನ್ನು ಗೆಲ್ಲುವುದಕ್ಕಾಗಿ ತಾನು ಯೆಹೂದ್ಯರಿಗೆ ಯೆಹೂದ್ಯನಂತೆಯೂ ಇತರರಿಗೆ ಇತರರಂತೆಯೂ ಆದೆನೆಂದು ಕೊರಿಂಥದವರಿಗೆ ಬರೆದವನು. ಹೊಂದಿಕೊಳ್ಳುವುದು ಎಲ್ಲಿಯವರೆಗೆ ಸರಿ, ಎಲ್ಲಿಂದ ತಪ್ಪು? ಅವನ ಬದುಕಿನಲ್ಲಿ ಗಡಿ ಆ ಪಂಕ್ತಿಯಲ್ಲಿತ್ತು.

ಈ ಪ್ರಶ್ನೆ ಸುಮಾರು ಹದಿನಾರು ಶತಮಾನಗಳು ಕಳೆದು, ಪೋರ್ಚುಗೀಸರ ಹಡಗುಗಳ ಹಿಂದೆ ದಕ್ಷಿಣ ದೇಶಕ್ಕೆ ಬಂದಿತು. ಅಂದಿನ ಕ್ರೈಸ್ತ ಪಾದ್ರಿಗಳು ದೀಕ್ಷೆ ಕೊಡುವಾಗ ಪರಂಗಿಯ ಕುಲಕ್ಕೆ ಸೇರುವೆಯಾ ಎಂದು ಕೇಳುತ್ತಿದ್ದರಂತೆ. ಯೇಸುವನ್ನು ನಂಬುವವನು ಪರಂಗಿಯಾಗಬೇಕೇ? 1606ರಲ್ಲಿ ಮಧುರೆಗೆ ಬಂದ ಇಟಲಿಯ ಜೆಸ್ಯೂಟ್ ರಾಬರ್ಟ್ ದೆ ನೊಬಿಲಿ ಬೇಕಿಲ್ಲವೆಂದರು. ಕಾವಿಯುಟ್ಟು, ಮಾಂಸವನ್ನು ಬಿಟ್ಟು, ಸಂಸ್ಕೃತವನ್ನೂ ತಮಿಳನ್ನೂ ಕಲಿತು ಸಂನ್ಯಾಸಿಯಾದರು. ಇದು ಪೌಲನ ಮಾರ್ಗವೇ ಸರಿ.

ಆ ಮಾರ್ಗವನ್ನೇ ಹಿಡಿದು ಕಾವೇರಿಯನ್ನು ಅನುಸರಿಸಿ ಮೇಲೆ ಬಂದವರು ಲಿಯೊನಾರ್ಡೊ ಚಿನ್ನಮಿ. ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆಯಲ್ಲಿ, 1648-49ರ ಸುಮಾರಿಗೆ, ಅವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಶನ್ನಿಗೆ ತಳಹದಿ ಹಾಕಿದರು. ಅವರೂ ಸಂನ್ಯಾಸಿಯ ವೇಷವನ್ನು ಧರಿಸಿದರು. ಕನ್ನಡವನ್ನು ಕಲಿತು ವ್ಯಾಕರಣ, ನಿಘಂಟು, ಧರ್ಮಬೋಧೆಯ ಪುಸ್ತಕಗಳನ್ನು ರಚಿಸಿದರು. ಕಿಟೆಲರ ನಿಘಂಟು ಹೊರಬಂದದ್ದು 1894ರಲ್ಲಿ ಎಂಬುದನ್ನು ನೆನೆದರೆ, ಅದಕ್ಕೆ ಎರಡು ಶತಮಾನಗಳಿಗೂ ಹಿಂದೆ ಹೊರನಾಡಿನವನೊಬ್ಬನು ನಮ್ಮ ನುಡಿಯ ಪದಗಳನ್ನು ಕೂಡಿಹಾಕುತ್ತ ಕುಳಿತ ಚಿತ್ರ ಗೌರವವನ್ನು ಹುಟ್ಟಿಸುತ್ತದೆ.

ಆದರೆ ಈ ಮಾರ್ಗದೊಳಗೆ ಒಂದು ಮುಳ್ಳಿತ್ತು. ಮಧುರೆಯಲ್ಲಿ ನೊಬಿಲಿಗಿಂತ ಮುಂಚಿನಿಂದ ಇದ್ದ ಫೆರ್ನಾಂಡಿಸ್ ಎಂಬ ಹಿರಿಯ ಪಾದ್ರಿ ಪೋರ್ಚುಗೀಸ್ ರೀತಿಯಲ್ಲೇ ಬಾಳುತ್ತಿದ್ದರು. ಸಂನ್ಯಾಸಿಯಾದ ನೊಬಿಲಿ ಬೇರೆ ಮನೆ ಮಾಡಿ, ಬ್ರಾಹ್ಮಣ ಅಡಿಗೆಯವನನ್ನು ಇಟ್ಟುಕೊಂಡು, ಅವರೊಡನೆ ಊಟ ಮಾಡುವುದನ್ನೇ ಬಿಟ್ಟರು. ಪೌಲನ ದಾರಿಯಲ್ಲಿ ಹೊರಟವರು ಪೇತ್ರನಂತೆ ಪಂಕ್ತಿಯಿಂದ ಎದ್ದರು! ಮೇಲಿನ ಕುಲಗಳವರಿಗೆ ಸಂನ್ಯಾಸಿಗಳು, ಕೆಳಗಿನವರೆನಿಸಿದವರಿಗೆ ಪಂಡಾರಸ್ವಾಮಿಗಳು ಎಂದು ಮುಂದೆ ಬೋಧಕರಲ್ಲಿಯೇ ಎರಡು ಪಂಕ್ತಿಗಳಾದವು. ಅಂತಿಯೋಕ್ಯದಲ್ಲಿ ಗೋಡೆಯನ್ನು ಕೆಡವಲು ಹುಟ್ಟಿದ ನೀತಿ ಇಲ್ಲಿ ಗೋಡೆಯನ್ನು ಉಳಿಸಲು ಆಧಾರವಾಯಿತು. ಹೀಗೆ ಮಾಡದಿದ್ದರೆ ತಮ್ಮ ಮಾತನ್ನು ಯಾರೂ ಕೇಳುತ್ತಿರಲಿಲ್ಲವೆಂಬುದು ಅವರ ಸಮರ್ಥನೆ. ಅದು ಪೊಳ್ಳು ಮಾತೇನೂ ಅಲ್ಲ.

ನೊಬಿಲಿಯ ಪದ್ಧತಿಗೆ ಪೋಪ್ ಹದಿನೈದನೆಯ ಗ್ರೆಗರಿ 1623ರಲ್ಲಿ ಸಮ್ಮತಿ ಕೊಟ್ಟಿದ್ದರು. ಆದರೆ ಪುದುಚೇರಿಗೆ ಬಂದ ಪೋಪರ ಪ್ರತಿನಿಧಿ ದೆ ತೂರ್ನೊನ್ 1704ರಲ್ಲಿ ಇಂಥ ಅನೇಕ ಆಚಾರಗಳನ್ನು ನಿಷೇಧಿಸಿದರು. ಅವರ ಆಜ್ಞೆಯಲ್ಲಿ ಒಂದು ಅಂಶ ಗಮನಾರ್ಹ: ಅಸ್ಪೃಶ್ಯರೆನಿಸಿದವರು ಕಾಯಿಲೆ ಬಿದ್ದಾಗ ಪಾದ್ರಿಗಳು ಅವರ ಮನೆಯೊಳಕ್ಕೇ ಹೋಗಿ ಸಂಸ್ಕಾರಗಳನ್ನು ನೀಡತಕ್ಕದ್ದು. ಸಾಯುವವನ ಗುಡಿಸಲಿನ ಹೊಸ್ತಿಲನ್ನು ದಾಟಿರೆಂದು ಅಪ್ಪಣೆ ಮಾಡಬೇಕಾಯಿತೆಂದರೆ, ದಾಟದವರು ಇದ್ದರೆಂದೇ ಅರ್ಥ. ಮುಂದೆ ನಾಲ್ಕು ದಶಕಗಳ ಕಾಲ ವಾದ ನಡೆದು, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಕೊನೆಯ ತೀರ್ಪನ್ನಿತ್ತರು. ಆಗಲೂ ಅಸ್ಪೃಶ್ಯರ ಸೇವೆಗೆಂದು ಬೇರೆ ಪಾದ್ರಿಗಳನ್ನು ನೇಮಿಸುವ ಏರ್ಪಾಡಿಗೆ ಅವಕಾಶ ಉಳಿಯಿತು. ಪೇತ್ರನೂ ಪೌಲನೂ ರೋಮಿನಲ್ಲಿಯೇ ಪ್ರಾಣ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಅವರ ಜಗಳ ಮಾತ್ರ ಆ ನಗರದ ಕಚೇರಿಗಳಲ್ಲಿ ಇಷ್ಟು ಕಾಲ ಜೀವಂತವಾಗಿತ್ತು.

ಇನ್ನು ನಮ್ಮ ರಸ್ತೆಗೆ ಬರೋಣ. 1799ನೆಯ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪುವಿನ ಸೇನೆ ಇಂಗ್ಲಿಷರ ಕೈಯಲ್ಲಿ ಸೋತಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಬಂದು ಬಲವಂತದಿಂದ ಮತ ಬದಲಿಸಿದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಅಲ್ಲಿಗೆ ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಅವರೂ ನಮ್ಮ ಜನರಂತೆ ಉಟ್ಟು ಉಂಡು ಬಾಳಿದರು. ಜನ ಅವರನ್ನು ದೊಡ್ಡಸ್ವಾಮಿಗಳೆಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನೊಡನೆ ನೆನಪಾಗುತ್ತದೆ.

ಭಯದಿಂದ ಗುರುವನ್ನೇ ಅರಿಯೆನೆಂದು ಹೇಳಿದ ಪೇತ್ರನಿಗೆ ಮತ್ತೆ ಮಂದೆ ಕಾಯುವ ಕೆಲಸ ದೊರೆತಿತ್ತು. ಅಂಥ ಧರ್ಮದಲ್ಲಿ, ಪ್ರಾಣಭಯದಿಂದ ಮತ ಬಿಟ್ಟವರಿಗೆ ಬಾಗಿಲು ಮುಚ್ಚುವಂತಿರಲಿಲ್ಲ. ದುಬಾಯ್ ಮಾಡಿದ್ದು ಪೇತ್ರನ ಕೆಲಸ. ಅದರೊಡನೆ ಇನ್ನೊಂದನ್ನೂ ಮಾಡಿದರು. ಸಿಡುಬಿನ ಹೊಸ ಲಸಿಕೆ ಮುಂಬಯಿಗೆ ಬಂದು ಮುಟ್ಟಿದ್ದು 1802ರಲ್ಲಿ. ಅದನ್ನು ಮೈಸೂರು ಸೀಮೆಯಲ್ಲಿ ಹರಡಲು ದುಬಾಯ್ ದುಡಿದರು; 1803-04ರಲ್ಲಿ 25,432 ಮಂದಿಗೆ ಲಸಿಕೆ ಹಾಕಿದ ಲೆಕ್ಕವಿದೆ. ಹಾಸನ ಜಿಲ್ಲೆಯ ಸಾತಳ್ಳಿಯಲ್ಲಿ ನಿರ್ಗತಿಕರಿಗಾಗಿ ಬೇಸಾಯದ ನೆಲೆಯನ್ನು ಏರ್ಪಡಿಸಿದರು. ನಡತೆಯಲ್ಲಿ ಕಾಣದ ನಂಬಿಕೆಯನ್ನು ಒಪ್ಪದ ಯಾಕೋಬನಿಗೆ ಈ ಲೆಕ್ಕ ಹಿಡಿಸುತ್ತಿತ್ತು.

ಆದರೆ ದುಬಾಯ್ ತಮ್ಮ ಬದುಕನ್ನು ತಾವು ಹಾಗೆ ಅಳೆಯಲಿಲ್ಲ. ಮೂವತ್ತು ವರ್ಷಗಳಿಗೂ ಮೀರಿ ಇಲ್ಲಿದ್ದು 1823ರಲ್ಲಿ ಫ್ರಾನ್ಸಿಗೆ ಹೊರಟಾಗ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕಾರ್ಯವೆಂದು ಬರೆದು ಅಚ್ಚುಹಾಕಿಸಿದರು. ಅದಕ್ಕೆ ಇಂಗ್ಲಿಷ್ ಪಾದ್ರಿಗಳು ಸಿಟ್ಟಾಗಿ ಉತ್ತರ ಬರೆದರು. ಹಿಂದೂಗಳ ಆಚಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಕೂರ್ದೂ ಎಂಬ ಹಿಂದಿನ ಜೆಸ್ಯೂಟರ ಹಸ್ತಪ್ರತಿಗೆ ಬಹುಮಟ್ಟಿಗೆ ಋಣಿಯೆಂದು ಕಳೆದ ಶತಮಾನದ ಸಂಶೋಧನೆ ತೋರಿಸಿಕೊಟ್ಟಿದೆ. ಆ ಗ್ರಂಥದಲ್ಲಿ ಜಾತಿವ್ಯವಸ್ಥೆಗೆ ಮೆಚ್ಚುಗೆಯ ಮಾತುಗಳೂ ಇವೆ. ಹಳೆಯ ಆಚಾರಗಳ ನಿಷೇಧದಿಂದಲೇ ಮಿಶನ್ನು ಕುಗ್ಗಿತೆಂಬುದು ಅವರ ಅಭಿಪ್ರಾಯ. ಹೀಗೆ, ಗುಡಿಸಲು ಅರಮನೆಯೆನ್ನದೆ ಹರಡುವ ರೋಗಕ್ಕೆ ಲಸಿಕೆ ಹಾಕಿಸಿದವರಿಗೂ ಪಂಕ್ತಿಯ ಗೋಡೆ ಪ್ರಕೃತಿಸಹಜವೆಂಬಂತೆ ಕಂಡಿತು.

ಹಾಗಾದರೆ ಅಪೊಸ್ತಲರ ನಡುವೆ ದೊಡ್ಡವರಾರು? ಕ್ರೈಸ್ತ ಸಂಪ್ರದಾಯ ಈ ಪ್ರಶ್ನೆಯನ್ನು ಜಾಣತನದಿಂದ ತಪ್ಪಿಸಿಕೊಂಡಿದೆ. ಪೇತ್ರ ಪೌಲರಿಬ್ಬರಿಗೂ ಸೇರಿ ಜೂನ್ 29ರಂದು ಒಂದೇ ಹಬ್ಬ. ಪೇತ್ರನಿಲ್ಲದೆ ಸಭೆ ಒಡೆಯುತ್ತಿತ್ತು, ಪೌಲನಿಲ್ಲದೆ ಅದು ಒಂದು ಕುಲದ ಸೊತ್ತಾಗುತ್ತಿತ್ತು, ಯಾಕೋಬನಿಲ್ಲದೆ ಬರಿಯ ಮಾತಾಗುತ್ತಿತ್ತು ಎಂದರೆ ಮೂವರಿಗೂ ನ್ಯಾಯ ಸಲ್ಲುತ್ತದೆ. ಆದರೂ ಆ ದಿನದ ಮಟ್ಟಿಗೆ, ಆ ಪಂಕ್ತಿಯ ಮಟ್ಟಿಗೆ, ಪೌಲನೇ ಸರಿಯೆಂದು ನನಗೆ ತೋರುತ್ತದೆ. ಜನಕ್ಕೆ ಹೊಂದಿಕೊಳ್ಳಬೇಕೆಂಬ ಬೋಧಕನು, ಯಾವ ಜನಕ್ಕೆ, ಯಾರನ್ನು ಬಿಟ್ಟುಕೊಟ್ಟು ಎಂದು ಒಮ್ಮೆ ಕೇಳಿಕೊಳ್ಳಬೇಕಾಗುತ್ತದೆ. ಚಿಕ್ಕಲ್ಲೂರಿನ ಒಕ್ಕಲಿಗೆ ಇದನ್ನು ಯಾವ ಅಪೊಸ್ತಲನೂ ಬಂದು ಕಲಿಸಬೇಕಾಗಿರಲಿಲ್ಲ.

ಪೇತ್ರನು ಎದ್ದುಹೋದ ಮೇಲೆ ಅಂತಿಯೋಕ್ಯದ ಆ ಪಂಕ್ತಿಯಲ್ಲಿ ಉಳಿದವರು ಯಾರು? ಪೌಲನು ಪೇತ್ರನ ಹೆಸರನ್ನು ಬರೆದಿದ್ದಾನೆ, ಬಾರ್ನಬನ ಹೆಸರನ್ನು ಬರೆದಿದ್ದಾನೆ. ಎಲೆಯ ಮುಂದೆ ಕುಳಿತೇ ಇದ್ದ ಗ್ರೀಕರಲ್ಲಿ ಒಬ್ಬನ ಹೆಸರನ್ನೂ ಬರೆದಿಲ್ಲ. ಹೊಸ್ತಿಲಾಚೆ ನಿಂತ ಸಂನ್ಯಾಸಿಗಳ ಹೆಸರುಗಳು ರೋಮಿನ ಕಡತಗಳಲ್ಲಿವೆ. ಒಳಗೆ ಮಲಗಿದ್ದ ರೋಗಿಯ ಹೆಸರಿಲ್ಲ. ಮಳವಳ್ಳಿಯ ಕಡೆ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿಯ ಕಥೆ ಹಾಡುವಾಗ, ಬಾಗಿಲಾಚೆ ನಿಲ್ಲಿಸಲ್ಪಟ್ಟವನೇ ಅದರ ನಾಯಕ. ಅಂತಿಯೋಕ್ಯದ ಕಥೆಯನ್ನು ಅಂಥವನೊಬ್ಬನು ಹೇಳಿದ್ದರೆ ಅದು ಇನ್ನೊಂದು ರೀತಿಯಾಗಿರುತ್ತಿತ್ತು.